ಹೆಸರು ಹುಡುಕುವ ಮುನ್ನ

ನಮ್ಮ ಕಡೆಯ ಹೆಂಗಸರಿಗೆ ಪ್ರವಾಸದ ಪಟ್ಟಿ ಮಾಡಿ ಅಭ್ಯಾಸವಿದೆ. ಧರ್ಮಸ್ಥಳಕ್ಕೋ ಕೊಲ್ಲೂರಿಗೋ ಹೊರಟರೆ ಎಷ್ಟು ಗಂಟೆಯ ಬಸ್ಸು, ಯಾರ ಮನೆಯಲ್ಲಿ ಊಟ, ಮಕ್ಕಳಿಗೆ ಎಷ್ಟು ಜೊತೆ ಬಟ್ಟೆ ಎಂದು ಹಿಂದಿನ ವಾರವೇ ಬರೆದಿಡುತ್ತೇವೆ. ಈ ಸಲ ನಾನು ಬೇರೊಂದು ಬಗೆಯ ಪ್ರವಾಸಕ್ಕೆ ಪಟ್ಟಿ ಮಾಡುತ್ತಿದ್ದೇನೆ. ಅರುವತ್ತರ ಹತ್ತಿರ ಬಂದ ಮೇಲೆ, ಜೀವನದಲ್ಲಿ ಮೊದಲ ಬಾರಿಗೆ, ಹಳೆಯ ದಾಖಲೆಗಳನ್ನು ಇಟ್ಟಿರುವ ಕಚೇರಿಗಳಿಗೆ ಹೋಗಿ ನಮ್ಮ ಮನೆತನದ ಕಾಗದಗಳನ್ನು ನೋಡಬೇಕೆಂದಿದ್ದೇನೆ. ಆಶ್ಚರ್ಯವೆಂದರೆ, ಯಾವ ಬಸ್ಸಿಗೆ ಹೋಗಬೇಕು, ಯಾವ ಅರ್ಜಿ ಕೊಡಬೇಕು ಎಂಬುದು ಎರಡು ದಿನದಲ್ಲಿ ತಿಳಿಯಿತು. ಹೋಗಬಹುದೇ, ಹೋಗಬಾರದೇ ಎಂಬುದನ್ನು ತೀರ್ಮಾನಿಸಲು ಮಾತ್ರ ಮಳೆಗಾಲದ ನಾಲ್ಕು ತಿಂಗಳೂ ಬೇಕಾಯಿತು.

ವಿಷಯ ಇಷ್ಟೇ. ಕಾಪುವಿನ ಹತ್ತಿರ ನಮ್ಮ ತಾಯಿಯ ಕುಟುಂಬದ ಮನೆ. ಅದರ ಜೀರ್ಣೋದ್ಧಾರವಾದಾಗ ಮಣಿಪಾಲದಲ್ಲಿ ಓದುವ ನನ್ನ ತಂಗಿಯ ಮಗಳು ಉತ್ಸಾಹದಿಂದ ಒಂದು ವಂಶವೃಕ್ಷ ತಯಾರಿಸಿ, ಚೆಂದವಾಗಿ ಅಚ್ಚು ಹಾಕಿಸಿ, ಚಾವಡಿಯ ಗೋಡೆಗೆ ತೂಗುಹಾಕಿದಳು. ಎಲ್ಲರೂ ತಮ್ಮ ತಮ್ಮ ಹೆಸರು ಹುಡುಕಿ ಸಂತೋಷಪಟ್ಟರು. ಅನಂತರ ಅಟ್ಟದಿಂದ ಇಳಿಸಿದ ಕಬ್ಬಿಣದ ಪೆಟ್ಟಿಗೆಯಲ್ಲಿ 1952ರ ಒಂದು ಪಾಲುಪಟ್ಟಿಯ ನಕಲು ಸಿಕ್ಕಿತು. ಅರ್ಧ ಗೆದ್ದಲು ತಿಂದಿದೆ. ಉಳಿದ ಅರ್ಧದಲ್ಲಿ ಅಜ್ಜಿಯ ಕಾಲದ ಮೂರು ಕವರುಗಳ ಮಾತಿದೆ. ಗೋಡೆಯ ಮೇಲಿನ ವೃಕ್ಷದಲ್ಲಿ ಎರಡೇ ಇವೆ. ಮೂರನೆಯದರ ಮುಂದೆ ಹೆಸರು ಇದ್ದ ಜಾಗದಲ್ಲಿ ತೂತು. ಪಕ್ಕದಲ್ಲಿ "ನಿಸ್ಸಂತತಿ ಕವರು" ಎಂಬ ಎರಡು ಶಬ್ದ.

"ಸಂತತಿಯೇ ಇಲ್ಲದವರು, ಆದ್ದರಿಂದ ಬಿಟ್ಟುಹೋಗಿದೆ" ಎಂದರು ಮನೆಯ ಗಂಡಸರು. ಸರಿ ಎಂದುಕೊಳ್ಳಬಹುದಿತ್ತು. ಆದರೆ ಅಮ್ಮ ಬದುಕಿದ್ದಾಗ ಒಮ್ಮೆ, ಹಲಸಿನ ಸೊಳೆ ಬಿಡಿಸುತ್ತ, "ನಿನ್ನ ಅಜ್ಜಿಗೆ ಒಬ್ಬರು ಅಕ್ಕ ಇದ್ದರು" ಎಂದು ಹೇಳಿ, ಆಮೇಲೆ ಕೇಳಿದರೂ ಹೇಳದೆ ಹೋದದ್ದು ನನಗೆ ನೆನಪಿತ್ತು.

ನಮ್ಮದು ಅಳಿಯಸಂತಾನದ ಮನೆತನ. ಹೊಸ ತಲೆಮಾರಿನವರಿಗಾಗಿ ಎರಡು ಮಾತು ಹೇಳುವುದು ಒಳ್ಳೆಯದು. ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು, ಇಲ್ಲಿಯ ಜೈನರು ಮೊದಲಾದವರಲ್ಲಿ ಕುಟುಂಬ ಬೆಳೆಯುತ್ತಿದ್ದುದು ಹೆಣ್ಣಿನ ಮೂಲಕ. ಆಸ್ತಿ, ಬರಿ, ಕುಟುಂಬದ ದೈವದ ಸೇವೆ ಎಲ್ಲವೂ ತಾಯಿಯ ಕಡೆಯಿಂದ. ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಸಂತತಿಯಲ್ಲಿ ಹುಟ್ಟಿದವರು ಸೇರಿದರೆ ಅದು ಅವಳ ಕವರು. ಭೂತಾಳಪಾಂಡ್ಯನ ಕಟ್ಟು ಎಂದು ಹಿರಿಯರು ಹೇಳುತ್ತಿದ್ದರು. ಮದರಾಸು ಸರಕಾರದ ಕಾಲದಲ್ಲಿ, 1949ರಲ್ಲಿ, ಅಳಿಯಸಂತಾನ ಕಾಯ್ದೆ ಬಂದು ಕುಟುಂಬಗಳಿಗೆ ಪಾಲು ಕೇಳುವ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಹಳೆಯ ಕಟ್ಟು ಇನ್ನಷ್ಟು ಸಡಿಲವಾಯಿತು.

ಸಂಬಂಧಿಕರಲ್ಲಿ ಒಬ್ಬ ವಕೀಲರಿದ್ದಾರೆ. ಅವರ ಹತ್ತಿರ ಆ ಎರಡು ಶಬ್ದಗಳ ಅರ್ಥ ಕೇಳಿದೆ. ಅವರು ನಕ್ಕು, "ಅಕ್ಕ, ಕಾಯ್ದೆಯಲ್ಲಿ ಅದರ ಅರ್ಥವೇ ಬೇರೆ" ಎಂದರು. ಯಾವ ಕವರಿನಲ್ಲಿ ಐವತ್ತು ವರ್ಷ ತುಂಬದ ಹೆಣ್ಣು ಒಬ್ಬಳಾದರೂ ಇದ್ದಾಳೋ ಅದು ಸಂತತಿ ಕವರು. ಇಲ್ಲದಿದ್ದರೆ ಅದು ನಿಸ್ಸಂತತಿ. ಅಂದರೆ, ಹೆಂಗಸಿಗೆ ಐವತ್ತೆರಡು ವರ್ಷವಾಗಿ, ಹುಟ್ಟಿದವರೆಲ್ಲ ಗಂಡುಮಕ್ಕಳೇ ಆಗಿದ್ದರೂ ಅವಳ ಕವರು ನಿಸ್ಸಂತತಿಯೇ! ಅಂಥ ಕವರಿಗೆ ಬಂದ ಪಾಲು ಸಾಮಾನ್ಯವಾಗಿ ಜೀವಮಾನದ ಅನುಭೋಗಕ್ಕೆ ಮಾತ್ರ, ಆಮೇಲೆ ಕುಟುಂಬಕ್ಕೆ ಹಿಂದಿರುಗತಕ್ಕದ್ದು. (1956ರ ನಂತರ ಈ ಬಗ್ಗೆ ಕೋರ್ಟುಗಳಲ್ಲಿ ಬೇಕಾದಷ್ಟು ವಾದಗಳಾದವು.) ಲೆಕ್ಕದ ಅನುಕೂಲಕ್ಕಾಗಿ ಮಾಡಿದ ಒಂದು ಶಬ್ದ, ಎಪ್ಪತ್ತು ವರ್ಷಗಳ ನಂತರ ಓದುವವರ ಕೈಯಲ್ಲಿ ಒಬ್ಬ ತಾಯಿಯನ್ನು ಬಂಜೆ ಮಾಡಿಬಿಟ್ಟಿತು. ಅವರಿಗೆ ಮಕ್ಕಳಿದ್ದಿರಬಹುದು, ಮೊಮ್ಮಕ್ಕಳು ಈಗಲೂ ಎಲ್ಲೋ ಇರಬಹುದು.

ಅಂದೇ ಹೋಗಿ ಮೂಲ ಪತ್ರ ನೋಡಬೇಕೆನ್ನಿಸಿತು. ಆದರೆ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಎಂಬತ್ತಾರು ದಾಟಿದವರು, ನನ್ನ ಮಾತು ಕೇಳಿ ಎಲೆಯಡಿಕೆಯ ತಟ್ಟೆಯನ್ನು ಬದಿಗೆ ಸರಿಸಿದರು. "ಅವರೇ ಹೇಳದ್ದನ್ನು ನೀನು ಕಾಗದದ ಬಾಯಿಂದ ಹೇಳಿಸುವುದಾ?" ಎಂದು ತುಳುವಿನಲ್ಲಿ ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ. ಸಿಟ್ಟಿನಿಂದ ಕೇಳಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಕಾನೂನಿನ ಪ್ರಕಾರ ನೋಡಿದರೆ ದೊಡ್ಡಮ್ಮನ ಪ್ರಶ್ನೆಗೆ ಬಲವಿಲ್ಲ. 1908ರ ನೋಂದಣಿ ಕಾಯ್ದೆಯಂತೆ ಸ್ಥಿರಾಸ್ತಿಯ ಪತ್ರಗಳ ಪುಸ್ತಕವನ್ನು ಶುಲ್ಕ ಕೊಟ್ಟು ಯಾರೂ ನೋಡಬಹುದು. ನೋಂದಣಿಯಾದ ಉಯಿಲಿನ ನಕಲು ಬರೆದವರು ಬದುಕಿರುವ ತನಕ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ಸಿಗುತ್ತದೆ. ಸತ್ತ ಮೇಲೆ ಅರ್ಜಿ ಹಾಕಿದ ಯಾರಿಗೂ ಸಿಗುತ್ತದೆ. ಅಂದರೆ ಕಾನೂನು ಉಸಿರಾಡುವವರ ಗುಟ್ಟನ್ನು ಕಾಯುತ್ತದೆ, ಉಸಿರು ನಿಂತವರದ್ದನ್ನು ಕಾಯುವುದಿಲ್ಲ. ಆದರೆ ನಾವು ಹೆಂಗಸರು ಮನೆಗಳಲ್ಲಿ ನಡೆದುಕೊಳ್ಳುವುದು ಹಾಗೆಯೇ? ತೀರಿಹೋದ ಅತ್ತೆಯ ಕಪಾಟಿನಲ್ಲಿ ಒಂದು ಕಟ್ಟು ಕಾಗದ ಸಿಕ್ಕಿದರೆ ಓದುವ ಮೊದಲು ಕೈ ಒಮ್ಮೆ ತಡೆಯುವುದಿಲ್ಲವೇ? ಬೀಗದ ಕೈ ನಮ್ಮ ಸೊಂಟದಲ್ಲಿ ಇದೆ ಎಂಬ ಒಂದೇ ಕಾರಣಕ್ಕೆ ಆ ಕಪಾಟಿನಲ್ಲಿದ್ದದ್ದೆಲ್ಲ ನಮ್ಮದಾಗುವುದಿಲ್ಲ ಎಂದು ನಮಗೆ ಗೊತ್ತಿದೆ. ಕಾನೂನು "ನೋಡಬಹುದು" ಎನ್ನುತ್ತದೆ. "ನೋಡುವುದು ಸರಿ" ಎಂದು ಅದು ಹೇಳುವುದಿಲ್ಲ. ಅದನ್ನು ನಾವೇ ಹೇಳಿಕೊಳ್ಳಬೇಕು.

ಇನ್ನೊಂದು ಭಯವೂ ಇತ್ತು. ಹಳೆಯ ಸರಕಾರಿ ಕಾಗದ ನಮ್ಮ ಅಜ್ಜಿಯಂದಿರ ಬಗ್ಗೆ ಮರ್ಯಾದೆಯಿಂದಲೇ ಮಾತಾಡಿದೆ ಎಂದು ನಂಬುವ ಹಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಮದರಾಸು ನ್ಯಾಯಾಲಯಗಳು ಅಳಿಯಸಂತಾನದವರ ದಾಂಪತ್ಯವನ್ನು ಕಾನೂನಿನ ಕಣ್ಣಿನಲ್ಲಿ ವಿವಾಹವೆಂದೇ ಒಪ್ಪಲು ಸಿದ್ಧವಿರಲಿಲ್ಲ. ಊರೆಲ್ಲ ಸೇರಿ ಧಾರೆಯೆರೆದ ಮದುವೆ ಕೋರ್ಟಿನ ಕಡತದಲ್ಲಿ ಬರಿಯ ಸಂಬಂಧ! ಅಂಥ ಕಾಗದವನ್ನು ಓದಿ ಅಜ್ಜಿಯನ್ನು ಅಳೆಯಲು ಹೊರಟರೆ, ಅಳತೆಗೋಲೇ ವಕ್ರವಾಗಿರುತ್ತದೆ. ನಿಸ್ಸಂತತಿ ಎಂಬ ಒಂದು ಶಬ್ದ ಏನು ಮಾಡಿತೆಂದು ಕಂಡೆವಷ್ಟೆ.

ಹಾಗಾದರೆ ಸುಮ್ಮನಿರುವುದೇ ಒಳ್ಳೆಯದೇ? ಮಳೆಗಾಲವಿಡೀ ಈ ಪ್ರಶ್ನೆ ತಲೆಯಲ್ಲಿತ್ತು. ನಿಧಾನವಾಗಿ ನನಗೊಂದು ಭೇದ ಕಾಣಿಸತೊಡಗಿತು. ಮೌನದಲ್ಲಿ ಎರಡು ಬಗೆ. ಒಬ್ಬಳು ತಾನಾಗಿ ಹೇಳದೆ ಉಳಿಸಿಕೊಂಡ ಮಾತು ಒಂದು. ಅವಳ ಬಗ್ಗೆ ಉಳಿದವರು ಸೇರಿ ಹೇಳದೆ ಬಿಟ್ಟ ಮಾತು ಇನ್ನೊಂದು. ಮೊದಲನೆಯದು ಅವಳ ಸೊತ್ತು. ಎರಡನೆಯದು ಅವಳಿಗೆ ಆದ ಅನ್ಯಾಯವಾಗಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಯಾವುದು ಯಾವುದೆಂದು ತಿಳಿಯಲು ನಾನು ಕೇಳಿಕೊಂಡ ಪ್ರಶ್ನೆ ಇದು: ಈ ಮೌನದಿಂದ ಯಾರ ಮಾನ ಉಳಿಯಿತು? ಅವರದೇ, ಅಥವಾ ಅವರನ್ನು ಬಿಟ್ಟವರದೇ?

ಅಜ್ಜಿಯ ಅಕ್ಕ ಏಕೆ ಮನೆಬಿಟ್ಟು ಹೋದರು, ಅಥವಾ ಏಕೆ ಬರದಂತೆ ಮಾಡಲಾಯಿತು, ನನಗೆ ತಿಳಿಯದು. ಕಾರಣ ಏನೇ ಇರಲಿ, ಅದು ಅವರ ಗುಟ್ಟು. ಅದನ್ನು ಕೆದಕಿ ತೆಗೆಯುವ ಹಕ್ಕು ನನಗಿಲ್ಲವೆಂದು ದೊಡ್ಡಮ್ಮನ ಮಾತಿನ ನಂತರ ಒಪ್ಪಿದ್ದೇನೆ. ಆದರೆ ಹೆಸರು? ಒಂದು ಮನೆಯಲ್ಲಿ ಹುಟ್ಟಿ, ಅದೇ ಬಾವಿಯ ನೀರು ಕುಡಿದು, ಅದೇ ದೈವದ ಮುಂದೆ ಕೈಮುಗಿದು ಬೆಳೆದವರ ಹೆಸರು ಗುಟ್ಟು ಹೇಗಾದೀತು? ಕಾರಣವನ್ನು ಬಿಟ್ಟು ಹೆಸರನ್ನು ಮಾತ್ರ ಹುಡುಕುವುದಾದರೆ ಅದು ಇಣುಕುವುದಾಗುವುದಿಲ್ಲ, ಮನೆಯಲ್ಲಿ ಒಂದು ಎಲೆ ಹೆಚ್ಚು ಹಾಕಿದಂತಾಗುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಈ ಬರಹ ಸುಲಭವಾಗುತ್ತಿತ್ತು. ಅದೇ ಪೆಟ್ಟಿಗೆಯಲ್ಲಿ ಗೇಣಿಯ ಪುಸ್ತಕಗಳೂ ಇದ್ದವು. ಮುಡಿ, ಕಳಸೆ, ಸೇರುಗಳ ಲೆಕ್ಕ. ಒಂದೊಂದು ಲೆಕ್ಕದ ಮೇಲೆ ಒಂದೊಂದು ಹೆಸರು. ಮೂಲಗೇಣಿಯವರು ಸ್ವಲ್ಪ ಗಟ್ಟಿಗರು, ಅವರನ್ನು ಏಳಿಸುವಂತಿರಲಿಲ್ಲ. ಚಾಲಗೇಣಿಯವರು ಧಣಿಯ ಮನಸ್ಸಿನ ಮೇಲೆ ನಿಂತವರು. ಅವರಿಗೂ ಕೆಳಗೆ, ಹೊಲದ ಜೊತೆಗೇ ಬಂದವರೆಂದು ಲೆಕ್ಕಕ್ಕೆ ಹಿಡಿಯಲಾಗುತ್ತಿದ್ದ ಮೂಲದಾಳುಗಳು. 1800-01ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಜೀತದಾಳುಗಳ ಸ್ಥಿತಿಯನ್ನು ಬರೆದಿಟ್ಟಿದ್ದಾನೆ. 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಬೆಂಬಲವನ್ನು ತೆಗೆಯಿತು; ಆದರೆ ಗದ್ದೆಯ ಹುಣಿಯ ಮೇಲೆ ಆ ಕಾಯ್ದೆ ನಡೆದು ಬರಲು ಬಹಳ ಕಾಲ ಹಿಡಿಯಿತು. 1974ರ ಭೂಸುಧಾರಣೆಯ ನಂತರ ಭೂನ್ಯಾಯಮಂಡಳಿಯ ಮುಂದೆ ಡಿಕ್ಲರೇಶನ್ ಹಾಕಿದ ಗೇಣಿದಾರರು ತಾವು ಉತ್ತ ಭೂಮಿಗೆ ಒಡೆಯರಾದರು. ನಮ್ಮ ಮನೆಯಲ್ಲಿ ಅದನ್ನು "ಭೂಮಿ ಹೋದ ವರ್ಷ" ಎನ್ನುತ್ತಾರೆ. ಬಯಲಿನ ಆಚೆಯ ಮನೆಗಳಲ್ಲಿ "ಭೂಮಿ ಬಂದ ವರ್ಷ" ಎನ್ನುತ್ತಾರೆ.

ಈ ಪುಸ್ತಕಗಳ ಮುಂದೆ ಕೂತಾಗ ಗಂಟಲು ಒಣಗಿತು. ಅಜ್ಜಿಯ ಅಕ್ಕನ ಹೆಸರು ಬಿಟ್ಟುಹೋಯಿತೆಂದು ನೊಂದುಕೊಳ್ಳುವ ನಾನು, ಮನೆತನದ ಅನ್ನವನ್ನು ಬೆಳೆದವರ ಹೆಸರುಗಳನ್ನು ಏನು ಮಾಡಲಿ? ಅವರ ಮೊಮ್ಮಕ್ಕಳು ಈಗ ಉಡುಪಿಯಲ್ಲಿ ಅಧ್ಯಾಪಕರಿದ್ದಾರೆ, ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸುಗಳಿದ್ದಾರೆ, ಗಲ್ಫಿನಲ್ಲಿ ದುಡಿಯುತ್ತಿದ್ದಾರೆ. ಅವರಲ್ಲಿ ಯಾರಾದರೂ ನನ್ನ ಹಾಗೆಯೇ ತಮ್ಮ ಹಿರಿಯರನ್ನು ಹುಡುಕಲು ಹೊರಟರೆ, ಅವರಿಗೆ ಪಾಲುಪಟ್ಟಿ ಸಿಗುವುದಿಲ್ಲ. ಪಾಲು ಮಾಡಲು ಇದ್ದರಲ್ಲವೇ ಪಟ್ಟಿ! ಅವರ ಮುತ್ತಜ್ಜನ ಹೆಸರು ಕಾಗದದಲ್ಲಿ ಇರುವುದಾದರೆ ನಮ್ಮ ಅಟ್ಟದ ಈ ಪುಸ್ತಕದಲ್ಲೇ ಇದ್ದೀತು. ಆಗ ನನಗೆ ಹೊಳೆಯಿತು: ಮನೆಯ ಮಾನಕ್ಕಾಗಿ ಪೆಟ್ಟಿಗೆಗೆ ಬೀಗ ಹಾಕಿದರೆ ನಾವು ಮುಚ್ಚುವುದು ನಮ್ಮ ಗುಟ್ಟನ್ನು ಮಾತ್ರವಲ್ಲ, ಅವರ ದಾರಿಯನ್ನೂ. ಹಾಗಿರುವಾಗ "ನಮ್ಮ ಮನೆಯ ಕಾಗದ, ನಮ್ಮ ಇಷ್ಟ" ಎಂದು ಹೇಳುವ ಧೈರ್ಯ ನನಗಿಲ್ಲ.

ಇದರಿಂದ ಇನ್ನೊಂದು ಸಂಗತಿಯೂ ಸ್ಪಷ್ಟವಾಯಿತು. ತಿಳಿಯುವುದಕ್ಕೆ ಬೆಲೆಯಿದೆ. ಹುಡುಕಿ ಸಿಕ್ಕಿದ ಮೇಲೆ ಸಿಗದವರ ಹಾಗೆ ಇರಲು ಬರುವುದಿಲ್ಲ. ಅಜ್ಜಿಯ ಅಕ್ಕನ ಮೊಮ್ಮಕ್ಕಳು ಸಿಕ್ಕಿದರೆ ಮುಂದಿನ ನೇಮಕ್ಕೆ ಅವರನ್ನು ಕರೆಯಬೇಕಾಗುತ್ತದೆ. "ಆಸ್ತಿಗೆ ಬಂದರು" ಎಂದು ನಮ್ಮವರು ಗೊಣಗಬಹುದು. "ಇಷ್ಟು ವರ್ಷ ಎಲ್ಲಿದ್ದಿರಿ?" ಎಂದು ಅವರು ಕೇಳಬಹುದು. ಎರಡಕ್ಕೂ ಮುಖ ಕೊಡಲು ಮನಸ್ಸಿದ್ದರೆ ಮಾತ್ರ ಹೊರಡಬೇಕು. ಬರಿಯ ಕುತೂಹಲಕ್ಕೆ ಹೊರಡುವುದಾದರೆ ಮನೆಯಲ್ಲೇ ಕೂತು ಟಿ.ವಿ. ಧಾರಾವಾಹಿ ನೋಡುವುದು ಮೇಲು; ಅದರಲ್ಲೂ ಕುಟುಂಬದ ಗುಟ್ಟುಗಳಿಗೇನು ಬರಗಾಲವಿಲ್ಲ.

ಈಗ ಪಟ್ಟಿಯ ವಿಷಯ. ನಿಮಗೂ ಎಂದಾದರೂ ಬೇಕಾದೀತೆಂದು ಬರೆಯುತ್ತೇನೆ. ನಮ್ಮ ಜಿಲ್ಲೆಯ ಕಾಗದಗಳು ಒಂದೇ ಕಡೆ ಇಲ್ಲ, ಏಕೆಂದರೆ ನಮ್ಮ ಜಿಲ್ಲೆಯೇ ಒಂದೇ ಕಡೆ ನಿಂತಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಸೀಮೆ ಕಂಪೆನಿಯ ಕೈಗೆ ಬಂತು. ಮುಂದೆ ಅದು ಎರಡಾಗಿ, ಉತ್ತರ ಕನ್ನಡ 1862ರಲ್ಲಿ ಮುಂಬಯಿಗೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಕಾಸರಗೋಡು ಕೇರಳಕ್ಕೆ ಹೋಯಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಕಾಪು ತಾಲೂಕಾದದ್ದು 2018ರಲ್ಲಿ. ಆದ್ದರಿಂದ ಕಾಪುವಿನ ಒಂದು ಗದ್ದೆಯ ಕಥೆ ಕಾಪುವಿನಲ್ಲಿ ಸ್ವಲ್ಪ, ಉಡುಪಿಯಲ್ಲಿ ಸ್ವಲ್ಪ, ಮಂಗಳೂರಿನಲ್ಲಿ ಸ್ವಲ್ಪ, ಚೆನ್ನೈ ಎಗ್ಮೋರಿನ ತಮಿಳುನಾಡು ದಾಖಲೆಗಾರದಲ್ಲಿ ಸ್ವಲ್ಪ ಇರಬಹುದು.

ಹತ್ತಿರದಿಂದ ದೂರಕ್ಕೆ ಹೋಗುವುದು ಬುದ್ಧಿವಂತಿಕೆ. ಮೊದಲು ಮನೆಯ ಪೆಟ್ಟಿಗೆ, ಶಾಲೆಯ ದಾಖಲಾತಿ ಪುಸ್ತಕ. ಆಮೇಲೆ ಉಪನೋಂದಣಿ ಕಚೇರಿ. ಆ ವರ್ಷದಲ್ಲಿ ನಿಮ್ಮ ಊರು ಯಾವ ಕಚೇರಿಗೆ ಸೇರಿತ್ತೆಂದು ಮೊದಲೇ ಕೇಳಿಕೊಳ್ಳಿ. ಭೂಮಿಯ ಕಾಗದಕ್ಕೆ ತಾಲೂಕು ಕಚೇರಿ, ಮಣಿಪಾಲದ ರಜತಾದ್ರಿಯ ಜಿಲ್ಲಾ ಕಚೇರಿಗಳು. ಹೋಗುವಾಗ ವರ್ಗದ ನಂಬ್ರ, ಸರ್ವೆ ನಂಬ್ರ, ಮನೆಯ ಹೆಸರು, ತಾಯಿಯ ಹೆಸರು ಬರೆದುಕೊಂಡಿರಬೇಕು. ಹೆಂಗಸರನ್ನು ಹುಡುಕುವಾಗ ಗಂಡನ ಹೆಸರಿಗಿಂತ ತಾಯಿಯ ಮತ್ತು ಸೋದರಮಾವನ ಹೆಸರು ನಮ್ಮ ಕಡೆ ಹೆಚ್ಚು ಉಪಯೋಗ. ಹಳೆಯ ಶಬ್ದಗಳು ತಿಳಿಯದಿದ್ದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಬಂದ ತುಳು ನಿಘಂಟಿನ ಆರು ಸಂಪುಟಗಳಿವೆ. ಬಾಸೆಲ್ ಮಿಶನ್ನಿನ ಶಾಲೆ, ಹಂಚಿನ ಕಾರ್ಖಾನೆ, ಸಭೆಗಳಿಗೆ ಸೇರಿದ ಹಿರಿಯರಿದ್ದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿ ವಿಚಾರಿಸಬಹುದು. ಕಾರ್ಕಳದ ನನ್ನ ಕ್ರಿಸ್ತುವ ಗೆಳತಿ ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕಗಳನ್ನು ಹಿಡಿದು ಸಾಕಷ್ಟು ಹಿಂದೆ ಹೋದಳು. 1784ರಲ್ಲಿ ಟಿಪ್ಪು ಕೆನರಾದ ಕ್ರಿಸ್ತುವರನ್ನು ಸೆರೆಯೊಯ್ದು ಇಗರ್ಜಿಗಳನ್ನು ಕೆಡವಿಸಿದ ಕಾಲದ ಹತ್ತಿರ ಅವಳ ದಾರಿ ನಿಂತಿತು. ಎಲ್ಲರ ದಾರಿಯೂ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ನಿಂತಲ್ಲಿ ಕಥೆ ಕಟ್ಟದೆ ಹಿಂದಿರುಗಲು ಕಲಿಯಬೇಕು.

ಪಟ್ಟಿಯ ಕೆಳಗೆ ನಾಲ್ಕು ನಿಯಮಗಳನ್ನು ಬರೆದಿದ್ದೇನೆ. ಒಂದು, ಬದುಕಿರುವ ಹಿರಿಯರನ್ನು ಕೇಳದೆ ಕಾಗದವನ್ನು ಕೇಳುವುದಿಲ್ಲ. ಎರಡು, ಸಿಕ್ಕಿದ್ದು ಯಾರಿಗೆ ಸಂಬಂಧಿಸಿದ್ದೋ ಅವರಿಗೆ ಮೊದಲು ಹೇಳುತ್ತೇನೆ, ಊರಿಗೆ ಆಮೇಲೆ. ಮೂರು, ಹೆಸರು, ಹುಟ್ಟು, ಸಾವು, ಮಕ್ಕಳು, ಇಷ್ಟನ್ನು ವೃಕ್ಷಕ್ಕೆ ಸೇರಿಸುತ್ತೇನೆ. ಜಗಳ ಸಿಕ್ಕಿದರೆ ಅದನ್ನು ಸೇರಿಸುವುದಿಲ್ಲ. ನಾಲ್ಕು, ಗೇಣಿಯ ಪುಸ್ತಕದ ಹೆಸರುಗಳನ್ನು ಶುದ್ಧವಾಗಿ ಪ್ರತಿ ಮಾಡಿ, ಬಯಲಿನ ಆಚೆಯ ಮನೆಗಳಿಗೆ ನಾನೇ ಹೋಗಿ ಕೊಡುತ್ತೇನೆ. ಬೇಕು ಬೇಡ ಅವರಿಗೆ ಬಿಟ್ಟದ್ದು.

ಮೊದಲನೆಯ ನಿಯಮದಂತೆ ದೊಡ್ಡಮ್ಮನ ಹತ್ತಿರ ಈ ನಾಲ್ಕನ್ನೂ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ನಾನು ಏಳುವ ಹೊತ್ತಿಗೆ, "ಇಬ್ಬರು ಗಂಡುಮಕ್ಕಳು. ಕಾರ್ಕಳದ ಕಡೆ ಹೋದರು. ಚಿಕ್ಕವ ನನ್ನನ್ನು ಹೆಗಲ ಮೇಲೆ ಕೂರಿಸಿ ಕಾಪುವಿನ ಮಾರಿಪೂಜೆ ತೋರಿಸಿದ್ದ" ಎಂದರು. ಮತ್ತೆ, ಸ್ವಲ್ಪ ತಡೆದು, ಅಜ್ಜಿಯ ಅಕ್ಕನ ಹೆಸರು ಹೇಳಿದರು. ಕಾರಣ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎರಡನೆಯ ನಿಯಮದ ಪ್ರಕಾರ ಅದನ್ನು ಮೊದಲು ಕೇಳಬೇಕಾದವರು ಬೇರೆ ಇದ್ದಾರೆ. ಬರುವ ಸೋಮವಾರ ಉಪನೋಂದಣಿ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ಹೋಗುವುದೆಂದು ನಿಶ್ಚಯವಾಗಿದೆ. ತಂಗಿಯ ಮಗಳು ರಜೆ ಹಾಕಿ ಜೊತೆಗೆ ಬರುತ್ತಾಳೆ. ಅಲ್ಲಿ ಏನಾದರೂ ಸಿಕ್ಕಿದರೆ ಮಧ್ಯಾಹ್ನದ ಬಸ್ಸಿಗೆ ಕಾರ್ಕಳಕ್ಕೆ.